ಮುಟ್ಟಾಳೆ

ಮೊಣಕಾಲಿನ ಆಪರೇಷನ್ ಆಗಿ ಎಂಟನೇ ದಿನ
ಬೆನ್ನಿಗೆ ಯಾರೋ ಒನಕೆಯಲ್ಲಿ ಗುದ್ದಿದ ಹಾಗೆ.
ಗ್ಯಾಸ್ ಅಂದರು. ಸೆಕೆ ಅಂದರು.
ನನಗೋ ಉಪ್ಪಡ್ ಪಚ್ಚಿಲಿನ ಭರಣಿಗೆ
ಕೈ ಹಾಕಿ ನೆಕ್ಕುವ ಆಸೆ.

ಬಾಟಲಿ ಮೇಲೆ ಬಾಟಲಿ ಏರಿಸಿದರೂ ಬಿಪಿ
ಬೋಳಾರದ ಹೊಳೆಯಂತೆ ಇಳಿತದಲ್ಲೇ.

ನಡುರಾತ್ರಿ ಡ್ಯೂಟಿಯ ಹುಡುಗಿ, ಡಾಕ್ಟರ್ ಝುಲೇಖಾ,
ಭರಣಿಯ ಕತೆ ಕೇಳಿ ನಗಲಿಲ್ಲ.
ರಕ್ತ ತೆಗೆದಳು, ರಿಪೋರ್ಟಿಗೆ ಕಾಯದೆ
ಸ್ಟಿರಾಯ್ಡ್ ಚುಚ್ಚಿದಳು.
ಬೆಳಿಗ್ಗೆ ಸ್ಕ್ಯಾನು: ಮೂತ್ರಪಿಂಡಗಳ ನೆತ್ತಿಯ
ಮುಟ್ಟಾಳೆಗಳೆರಡೂ ನೆತ್ತರು ಕುಡಿದು ಉಬ್ಬಿದ್ದವು.
ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಮದ್ದಿನದೇ ಕಿತಾಪತಿ.

ಈಗ ಮಾತ್ರೆ ದಿನಕ್ಕೆ ಮೂರು, ಸಾಯುವ ತನಕ.
ಜ್ವರ ಬಂದರೆ ದುಪ್ಪಟ್ಟು.
ಪರ್ಸಿನಲ್ಲಿ ಜಪಮಾಲೆಯ ಪಕ್ಕ ಸಿರಿಂಜು, ಮದ್ದು, ಚೀಟಿ:
ಈ ಸೆವ್ರಿನ್ ಬಾಯಿ ಬಿದ್ದರೆ
ಮೊದಲು ಚುಚ್ಚಿ, ಆಮೇಲೆ ಕೇಳಿ.
ಇಪ್ಪತ್ತೇಳು ನಂಬ್ರ ಬಸ್ಸಿನ ಸೇಸಪ್ಪನಿಗೆ
ಎರಡು ಸಲ ಓದಿಸಿದ್ದೇನೆ.