ಐವತ್ತು ಬಾರ್

ಸಿಲಿಂಡರಿನ ಮುಳ್ಳು ಐವತ್ತು ಬಾರಿಗೆ ಬಂತಂದ್ರ
ಎದುರಿಗೆ ಎಂಥಾ ಮೀನ ನಿಂತಿರಲಿ, ಮ್ಯಾಲೆ ಬರಬೇಕು.
ಇದನ್ನ ಗದಗಿನ ಚಾದಂಗಡ್ಯಾಗ ಹೇಳಿದೆ ಒಮ್ಮೆ.
ಪ್ರೆಸ್ಸಿನ ವಿರೂಪಾಕ್ಷಿ ಕಪ್ಪು ಕೆಳಗಿಟ್ಟ:
"ಐವತ್ತು ಬಾರ್? ಒಂದ ಊರಾಗ?"

ನಗಲಿ ಬಿಡ್ರಿ.
ಗಾದಿ ಹೊಲಿಯೂ ನದಾಫರ ಹುಡುಗ
ಇಪ್ಪತ್ತಾರು ವರ್ಷ ಸಮುದ್ರದ ತಳದಾಗ
ಮಂದಿನ್ನ ಅಡ್ಡಾಡಿಸಿದೆ ಅಂದ್ರ ನಂಬೂದರ ಹೆಂಗ.

ಈಜು ಕಲಿತದ್ದು ಲಕ್ಕುಂಡಿ ಬಾವ್ಯಾಗ.
ಬುಡ್ಡೇಸಾಬ್ ಕಾಕಾ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ
ಮೆಟ್ಟಿಲ ಮ್ಯಾಲಿಂದ ನೂಕಿದ, ಹೇಳದ ಕೇಳದ.
ಅದು ನನ್ನ ಮೊದಲನೇ ಸಿಲಿಂಡರ್,
ಒಳಗ ಬೀಜ ಗಲಗಲ ಅಂತಿದ್ವು.
ಕಣ್ಣು ಬಿಟ್ಟರ ಹಸಿರು, ಹಸಿರಿನಾಗ ಕಲ್ಲಿನ ಗೂಡು,
ಗೂಡಿನಾಗ ಆಮೆಯೊಂದು
ಬಾಡಿಗಿ ಕೊಡದವರಂಗ ಮುಖ ಒಳಗ ಎಳಕೊಂಡಿತು.

ಆಮ್ಯಾಲೆ ನೇತ್ರಾಣಿ, ಹ್ಯಾವ್‌ಲಾಕ್, ಕಡಮತ್, ಮಾಲ್ದೀವ್.
ಲೆಕ್ಕದ ಪುಸ್ತಕ ಮೂರು ತುಂಬ್ಯಾವ,
ಉಪ್ಪು ತಿಂದು ಹಾಳಿ ಬಿರುಸಾಗ್ಯಾವ.
ಇಳಿದಾಗೊಮ್ಮೆ ಒಂದು ಸಾಲು: ಆಳ, ಹೊತ್ತು, ಕಂಡದ್ದು.
ಕಂಡದ್ದರ ಮುಂದ ಮೀನಿನ ಹೆಸರ ಬರೀಬೇಕು.
ನಾ ಮಂದಿನ್ನ ಬರದೀನಿ.

ಹದಿನೆಂಟು ಮೀಟರ್. ನಾಗಪುರದ ಜಡ್ಜ್ ಸಾಹೇಬ್ರು.
ದಂಡಿ ಮ್ಯಾಲೆ ಮೂರು ಸಲ ನನ್ನ ಲೈಸೆನ್ಸ್ ಕೇಳಿದ್ರು.
ತಳದಾಗ ನನ್ನ ಕಿರುಬೆರಳು ಹಿಡದವರು ಬಿಡಲೇ ಇಲ್ಲ.

ಒಂಬತ್ತು ಮೀಟರ್. ಪೋಲೆಂಡಿನ ಅಜ್ಜಿ, ವಯಸ್ಸು ಎಪ್ಪತ್ತೊಂದು.
ಆಕ್ಟೋಪಸ್ ಕೈಗವಸು ಎಳೀತು, ಆಕಿ ಬಿಟ್ಟುಕೊಟ್ಟಳು.
ಮರುದಿನ ಇನ್ನೊಂದನ್ನೂ ಒಯ್ದು ಅದರ ಬಾಗಿಲದಾಗ ಇಟ್ಟಳು,
ಒಂದ ಇದ್ರ ಅದಕ್ಕೇನು ಉಪಯೋಗ ಅಂತ.

ಇಪ್ಪತ್ತೆರಡು. ಜೋಡಿ ಯಾರೂ ಇಲ್ಲ.
ಮ್ಯಾಲಿಂದ ಬಿಳಿ ಚೂರು ಉದುರತಿದ್ವು,
ಸತ್ತ ಸಣ್ಣ ಜೀವಗಳ ಪುಡಿ.
ಅಪ್ಪ ಬಿಲ್ಲು ಮೀಟಿದಾಗ ಅಂಗಡಿ ತುಂಬ ಹಾರತಿದ್ದ ಅರಳಿ.
ಅಪ್ಪನ ಕೆಮ್ಮೂ ಕೇಳಿಸಿತು.
ಅಲ್ಲ, ರೆಗ್ಯುಲೇಟರಿನಾಗ ನನ್ನ ಉಸಿರು.

ಶಾರ್ಕ್ ಕಚ್ಚಲಿಲ್ಲೇನು ಅಂತಾರ.
ಕಚ್ಚಿದ್ದು ಅಂದ್ರ ಹ್ಯಾವ್‌ಲಾಕಿನ ಮಾಲೀಕನ ನಾಯಿ.

ನೀರಾಗ ಮಾತಿಲ್ಲ, ಕೈಸನ್ನಿ.
ಹೆಬ್ಬೆರಳಿಗೆ ತೋರುಬೆರಳು ಹಚ್ಚಿದರ: ಚಲೋ ಅದೀನಿ.
ಬರೀ ಹೆಬ್ಬೆರಳು ಎತ್ತಿದರ ಚಲೋ ಅಂತಲ್ಲ:
ಸಾಕು, ಮ್ಯಾಲೆ ಹೋಗೋಣು.
ಖುಷಿಗೆ ಎತ್ತಿಬಿಡತಾರ ಮಂದಿ,
ಮ್ಯಾಲೆ ಕರಕೊಂಡು ಬಂದ್ರ ನನ್ನ ಬೈತಾರ.

ಹೋದ ವರ್ಷ ಹುಬ್ಬಳ್ಳಿ ಕಿಮ್ಸಿನಾಗ ಕಾಕಾನ ಮಂಚ.
ಮುಖಕ್ಕ ಮಾಸ್ಕ್, ಬದಿಗೆ ಬಿಳಿ ಹೆಗಲಿನ ಕರೀ ಸಿಲಿಂಡರ್.
ರೂಢಿ ನೋಡ್ರಿ, ಮೊದಲು ಮುಳ್ಳು ನೋಡಿದೆ, ಆಮ್ಯಾಲೆ ಮುಖ.
ನೂರಿಪ್ಪತ್ತು ಇತ್ತು. ಗಾಳಿ ಬೇಕಾದಷ್ಟಿತ್ತು.
ಈ ಸನ್ನಿ ಎಲ್ಲಾ ಕಾಕಾಗ ಹೇಳಿದ್ದೆ ಒಮ್ಮೆ,
ಮಿರ್ಚಿ ತಿನಕೋತ ಕೇಳಿದ್ದ, ಕೇಳಿದ್ದನೋ ಇಲ್ಲೋ.
ಸಂಜೀ ಮುಂದ ಹೆಬ್ಬೆರಳು ಎತ್ತಿದ.
ನರ್ಸಮ್ಮ ಅಂದಳು, "ನೋಡ್ರಿ, ಆರಾಮ ಅದಾರ."

ಸನ್ನಿಗೆ ತಿರುಗಿ ಅದ ಸನ್ನಿ ಕೊಡಬೇಕು, ಅದು ನೇಮ.
ಕೊಟ್ಟೆ.

ಮ್ಯಾಲೆ ಹೋಗಾಗ ಅವಸರ ಮಾಡಬಾರದು,
ನಮ್ಮ ಗುಳ್ಳಿಗಿಂತ ನಾವು ಸಾವಕಾಶ ಹೋಗಬೇಕು,
ಐದು ಮೀಟರಿಗೆ ಬಂದು ಚೂರು ನಿಲ್ಲಬೇಕು.
ಕಾಕಾ ನಿಂತ,
ರಾತ್ರಿ ಎರಡರ ತನಕ.

ಈಗ ಬಾವ್ಯಾಗ ಬಿದ್ದ ಮೋಟಾರ್ ತಗೀತೀನಿ.
ರೋಣ, ಮುಂಡರಗಿ, ಅಣ್ಣಿಗೇರಿಯಿಂದ ಫೋನ್ ಬರತಾವ.
ಐದುನೂರು ರೂಪಾಯಿ, ಮ್ಯಾಲೊಂದು ಚಹಾ.
ಮೊನ್ನೆ ಹುಲಕೋಟಿ ಹೊಲದಾಗ ಮೋಟಾರ್ ಸಿಗಲಿಲ್ಲ.
ಪುಸ್ತಕದಾಗ ಬರದೆ: ಏಳು ಮೀಟರ್. ಕಾಣೂದು ಒಂದು ಗೇಣು.
ಕಂಡದ್ದು: ಬೀಗ, ಒಂಟಿ ಚಪ್ಪಲಿ, ಶಾಲಿ ಪಾಟಿ.

ದಂಡಿ ಮ್ಯಾಲೆ ಬಗ್ಗಿ ನಿಂತ ಹುಡುಗಿ
ಪಾಟಿ ಮ್ಯಾಲೆ ಏನ್ ಬರದದ್ರಿ ಅಂತ ಕೇಳಿದಳು.
ರಾಡಿ ಒರಸಿ ನೋಡಿದೆ. ಏನೂ ಇಲ್ಲ ಅಂದೆ.
"ಹಂಗಾರ ನನಗ ಕೊಡ್ರಿ."