ಇನ್ನೊಂದು ಕಣ್ಣು ದೀಪಾವಳಿ ಕಳದ ಮ್ಯಾಲ

ಬೆಟಗೇರಿ ದವಾಖಾನಿ ಪಡಸಾಲ್ಯಾಗ
ಕಲ್ಲಬೆಂಚಿನ ಮ್ಯಾಲ ನಾವು ಹದಿನೇಳು ಮಂದಿ,
ಒಬ್ಬೊಬ್ಬರಿಗೂ ಒಂದೊಂದು ಕಣ್ಣಿಗೆ ಹತ್ತಿ, ಪಟ್ಟಿ.
ಉಳಿದ ಕಣ್ಣು ಇದ್ದೂ ಇಲ್ಲದ್ದು,
ಹಾಲು ಒಡದ್ಹಂಗ ಬೆಳಕು.

"ಮಾರ್ಥವ್ವ ಏನಬೇ? ಧ್ವನಿ ಗುರ್ತ ಸಿಕ್ತು," ಅಂದ
ಬಾಜೂಕ ಕುಂತಾವ.
ಬೇವಿನಕಟ್ಟಿ ಗುರುಶಾಂತಪ್ಪ.
ಅವರಪ್ಪನ ಮಗ್ಗದ ಕುಣ್ಯಾಗ ಕಾಲಿಳಿಬಿಟ್ಟು
ಮೂವತ್ತೊಂದು ವರ್ಷ ಸೀರಿ ನೇಯ್ದಾಕಿ ನಾ.
ಅದರಾಗ ಒಂದನ್ನೂ ಉಡಲಿಲ್ಲ, ಅದು ಬ್ಯಾರೆ ಮಾತು.

ಎದಿ ಧಸಕ್ಕಂತು.
ಆ ಮನಿದು ಒಂದು ಜರಿ ಲಡಿ ನನ್ನ ಮ್ಯಾಲ ಐತಿ.

ಕೃಪಾವತಿಗೆ ದೃಢೀಕರಣ ಆ ವರ್ಷ.
ಬಿಳಿ ಲಂಗ ಹೊಲದಿದ್ದೆ, ಬೋಳು ಬೋಳು ಇತ್ತು.
ಸಂಜೀ ಮುಂದ ಲಡಿ ಒಂದು ಕುಪ್ಪಸದಾಗ ಇಳೀತು.
ಯಾರೂ ನೋಡಲಿಲ್ಲ.
ಅಂದ್ರ, ಮ್ಯಾಲಿನಾವನ್ನ ಬಿಟ್ಟು.

ಸಣ್ಣಾಕಿದ್ದಾಗ ರವಿವಾರದ ಸಾಲ್ಯಾಗ ಬೋಧಕರು
ಹಲಿಗಿ ಮ್ಯಾಲ ಒಂದು ಕಣ್ಣು ಬರೀತಿದ್ದರು,
ರೆಪ್ಪಿ ಇಲ್ಲದ ಕಣ್ಣು.
"ಇದು ಮುಚ್ಚೂದಿಲ್ಲ, ತಿಳ್ಕೋರಿ."
ನಲವತ್ತೈದು ವರ್ಷ ನಾ ಚರ್ಚಿನ್ಯಾಗ
ಮೂರನೇ ಕಂಬದ ಹಿಂದ ಕುಂತೆ.
ಆ ಕಣ್ಣಿಗೆ ಕಂಬ ಅಡ್ಡ ಅಂತ.
ರೊಟ್ಟಿ ಕೊಡೂ ಮುಂದ ಅಯ್ಯನವರ ಕೈ ನೋಡತಿದ್ದೆ,
ಮುಖ ಅಲ್ಲ.

"ಸಲೋಮವ್ವ ಇದ್ದಳಲಾ ನಿಮ್ಮ ಓಣ್ಯಾಕಿ,"
ಗುರುಶಾಂತಪ್ಪ ಗಂಟಲಾ ಸರಿ ಮಾಡಿಕೊಂಡ.
"ನಮ್ಮಪ್ಪ ಸಾಯೂ ಮುಂದ ಹೇಳಿದ.
ಒಂದು ಜರಿ ಲಡಿ ಕಡಿಮಿ ಬಿತ್ತಂತ.
ಆಕಿ ಬಂದು, ನನ್ನ ಲೆಕ್ಕಕ್ಕ ಹಚ್ಚರಿ, ಅಂದಳಂತ.
ಐದು ವಾರ ಪಗಾರ ಮುರದ.
ನೀ ತಗೊಂಡೇನು ಅಂತ ಕೇಳಿದ್ದಕ್ಕ
ಕೇಳಬ್ಯಾಡರಿ, ಬರಕೋರಿ, ಅಂದಳಂತ."

ನೆನಪಾತು.
ಆ ರವಿವಾರ ಚರ್ಚಿನ ಮೆಟ್ಟಲ ಮ್ಯಾಲ
ಎಲ್ಲಾರೂ ಲಂಗ ಚಂದ ಐತಿ ಅಂದ್ರು.
ಸಲೋಮವ್ವ ಅನಲಿಲ್ಲ.
ಬಗ್ಗಿ, ದಡಿ ಗುಂಟ ತೋರಬೆರಳು ಆಡಿಸಿದಳು,
ಹಾಸಿನ್ಯಾಗ ಹರದ ಎಳಿ ಹುಡುಕೂವಾಗ ಆಡಸತೇವಲ್ಲ, ಹಂಗ.
ಹರದದ್ದು ಸಿಕ್ಕರ ನೇಯೂವಾಕಿ ಎಳಿಗೆ ಬಯ್ಯೂದಿಲ್ಲ.
ಉಗುಳು ಹಚ್ಚಿ ಹೊಸೀತಾಳ, ಗಂಟ ಹಾಕತಾಳ,
ಲಾಳಿ ಮುಂದ ಹೋಗತೈತಿ.
ಆಮ್ಯಾಲ ನನ್ನ ಮುಖ ನೋಡಿದಳು.
"ಹೊಲಿಗಿ ಗಟ್ಟಿ ಹಾಕಿಲ್ಲ ತಂಗಿ, ಹಿಂಜತೈತಿ,"
ಅಂದಳು, ಹೋದಳು.

ಆ ಐದು ವಾರ ಆಕಿ ಒಲಿ ಹೆಂಗ ಹೊತ್ತಿತೋ.
ನಾ ಕಂಬದ ಹಿಂದಿದ್ದೆ, ನನಗ ಕಾಣಲಿಲ್ಲ.

ನೋಡೂ ದೇವರು ಅಂತ ಹೆಸರಿಟ್ಟಾಕಿ ಒಬ್ಬ ದಾಸಿ,
ಅಡವ್ಯಾಗ, ನೀರಿನ ದಂಡಿಗೆ,
ಬಸರಾಕಿ, ಮನಿ ಬಿಟ್ಟು ಓಡಿ ಬಂದಾಕಿ.
ಅಂಜಿ ಇಟ್ಟ ಹೆಸರು ಅನಕೊಂಡಿದ್ದೆ ಇಷ್ಟು ದಿನ.
ಅಲ್ಲಿ ತನಕ ಆಕಿನ್ನ ಯಾರೂ
ಹೆಸರು ಹಿಡದು ಕರದಿರಲಿಲ್ಲ.
ಅದನ್ನ ಮರತಿದ್ದೆ.

ಹೇಳಲೋ ಬ್ಯಾಡೋ ಅಂತ
ನಾಲಗಿ ಹೊರಳಾಡೂದರಾಗ ಅವನ ಅಂದ,
"ನನಗ ಆವಾಗ ಹದಿನೈದು.
ಅಟ್ಟದ ಮ್ಯಾಲ ಪಾರಿವಾಳ ಹಿಡ್ಯಾಕ ಏರಿದ್ದೆ.
ನೀ ಇಟ್ಟುಕೊಂಡದ್ದು ನೋಡಿದ್ದೆ.
ಅಪ್ಪಗ ಹೇಳಲಿಲ್ಲ. ಯಾಕೋ."

ಇಬ್ಬರೂ ಸುಮ್ಮನ ಕುಂತಿವಿ.
ಬಿಸಿಲು ಪಾದದ ಮಟ ಬಂತು.
ರಸ್ತಾದಾಗ ಗದಗಿನ ಬಸ್ಸು ಹಾರ್ನ್ ಹೊಡೀತು.

ನರ್ಸಬಾಯಿ ಪಟ್ಟಿ ಬಿಚ್ಚಿದಳು.
"ಏನ ಕಾಣತೈತಿ, ಅಜ್ಜಿ?"
"ಗಿಡ. ಗಿಡ ಅಡ್ಡಾಡತಾವ."
ಡಾಕ್ಟರ ನಕ್ಕರು, ಸಣ್ಣ ವಯಸ್ಸು ಪಾಪ.
ಇನ್ನೊಂದು ಕಣ್ಣು ದೀಪಾವಳಿ ಕಳದ ಮ್ಯಾಲ ಅಂದ್ರು.
ಆಗಲಿ.
ಸ್ವಾಮಿಗೂ ಆ ಊರಾಗ ಎರಡ ಸಲ ಮುಟ್ಟಬೇಕಾತು,
ಒಂದಕ್ಕ ಆಗಲಿಲ್ಲ.

ಬಾಜೂಕ ರುಮಾಲು ಸುತ್ತಿದ ಗಿಡ ಒಂದು
ನನ್ನ ಕಡೆ ವಾಲಿ ಕೇಳತು:
"ಯವ್ವಾ, ನಾ ಕಾಣತೇನೇನು?"

"ಈಗ," ಅಂದೆ, "ಸ್ವಲ್ಪ."