ಏಳನೇ ತೂಬು

ಡಾಕ್ಟ್ರಮ್ಮ, ಚೀಟಿಯ ಹಿಂದೆ ನೀವು ಬರೆದ ಚಿತ್ರ
ಮಡಿಕೆ ಮಡಿಕೆಗೆ ಹರಿದದೆ, ಇನ್ನೂ ಜೇಬಲ್ಲೇ ಅದೆ.
ಒಂದು ಕೊಳವೆ, ಅದರೊಳಗೆ ಇನ್ನೊಂದು ಕೊಳವೆ,
ನಡುವೆ ಪೆನ್ನಲ್ಲಿ ಗೀಚಿ ಗೀಚಿ ತುಂಬಿದ ಊತ.
"ಗೊತ್ತಾಯ್ತಾ ಮಂಚಯ್ಯ?" ಅಂದ್ರಿ.
ಮೂವತ್ತೆಂಟು ವರ್ಷದ ನೀರುಗಂಟಿ ನಾನು.
ನಾಲೆ ಹೊಟ್ಟೆಗೆ ಎಷ್ಟು ಹಿಡಿಸ್ತದೆ ಅಂತ
ನನ್ನನ್ನ ಕೇಳ್ತೀರಲ್ಲ.

ಆವತ್ತು ಕಟ್ಟು ನೀರು. ರಾತ್ರಿ ಎರಡಕ್ಕೆ
ಏಳನೇ ತೂಬಿನ ಸರದಿ.
ಮಾರ್ಗಶಿರದ ಇಬ್ಬನಿ. ಕೆಳಗೆ ಆಲೆಮನೇಲಿ
ಒಣಗದ ರಚ್ಚು ಉರಿಸ್ತಿದ್ರು;
ಹೊಗೆ ಮೇಲಕ್ಕೆ ಏಳದೆ ಗದ್ದೆ ಮೇಲೆ
ಕಂಬಳಿ ಹೊದ್ದು ಮಲಗಿತ್ತು.
ತಿರುಪಿಗೆ ಕೈ ಹಾಕಿದ್ದೊಂದೇ ನೆನಪು.
ನೀಲಿ ಪಂಪು ಎಂಟು ಸಲ ಒತ್ತಿದೆ,
ಒಂಬತ್ತನೇದಕ್ಕೆ ಡಬ್ಬಿ ಖಾಲಿ.
ಸಿಳ್ಳೆ ಹಾಕ್ತಿದ್ದದ್ದು ತೂಬಾ ನಾನಾ
ಗೊತ್ತಾಗಲಿಲ್ಲ.

ಅಳಿಯ ಚೆಲುವರಾಜು ಬೈಕಲ್ಲಿ
ನನ್ನ ಪಂಚೇಲೇ ನನ್ನ ಅವನ ಬೆನ್ನಿಗೆ ಬಿಗಿದು
ಮಂಡ್ಯದ ದೊಡ್ಡಾಸ್ಪತ್ರೆ ಮುಟ್ಟಿಸಿದ.
ಆ ಸರದೀಲಿ ಹನ್ನೊಂದು ಎಕರೆ ನೀರು ಕಾಣಲಿಲ್ಲ.
ಬೈದವರೂ ಅವರೆ.

ಆಮೇಲೆ ನಿಮ್ಮ ಮಿಷನ್ನು.
ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ—
ಐವತ್ತೆಂಟು, ಅಂದ್ರಿ. ನೂರಕ್ಕೆ.
ಸ್ಕೂಲಲ್ಲೂ ನಾನು ಅಷ್ಟು ತಗೊಂಡವನಲ್ಲ.

ಕಂದು ಪಂಪು ಕೊಟ್ರಿ. ಬೆಳಿಗ್ಗೆ ಎರಡು, ರಾತ್ರಿ ಎರಡು,
ಪ್ಲಾಸ್ಟಿಕ್ ಬುರುಡೆ ಕಚ್ಚಿಕೊಂಡು.
ಮೊದಲ ವಾರ ಏನೂ ಇಲ್ಲ,
ಹಾಳು ನಲ್ಲಿ ತಿರುಗಿಸಿದ ಹಾಗೆ.
"ಸ್ಟೀರಾಯ್ಡು ಕಣಯ್ಯೋ! ಚಟ ಹಿಡೀತದೆ"
ಅಂದ ಟೀ ಅಂಗಡಿ ಪುಟ್ಟಾಚಾರಿ,
ಹೊಸ ಬೀಡಿ ಕಟ್ಟು ಬಿಚ್ತಾ.

ನೀಲಿ ತೂಬು ಎತ್ತುತದೆ, ಕಂದು ಹೂಳು ತೆಗೀತದೆ
ಅಂದ್ರಿ ನೀವು.
ಇಲ್ಲ, ನೀವು ಹಂಗನ್ನಲಿಲ್ಲ.
ಉರಿ ಆರಿಸ್ತದೆ, ಊತ ಇಳಿಸ್ತದೆ, ಲೋಳೆ ಕಮ್ಮಿ ಮಾಡ್ತದೆ,
ಸದ್ದಿಲ್ಲದೆ, ದಿನಾ ಒಂದಿಷ್ಟು, ಅಂದ್ರಿ.
ಹೂಳು ಅಂದ್ಕೊಂಡವನು ನಾನು.
ಹೂಳೆತ್ತೋರಿಗೆ ಯಾರೂ ಹಾರ ಹಾಕಲ್ಲ, ನೋಡಿ.
ತೂಬು ಎತ್ತಿದವನಿಗೇ ಎಲ್ಲರೂ ಕೈ ಬೀಸೋದು.

ಮೂರನೇ ತಿಂಗಳು ಏರಿ ಮೇಲೆ ಎಲ್ಲೂ ನಿಲ್ಲದೆ
ಹದಿನಾರನೇ ಮೈಲಿ ಕಲ್ಲಿಗೆ ಹೋಗಿ ಬಂದೆ.
ವಾಸಿಯಾಯ್ತು ಅಂತ ಪಂಪನ್ನ ಸೂರಿಗೆ ಸಿಕ್ಕಿಸಿದೆ.
ಸಂಕ್ರಾಂತಿ ಹೊತ್ತಿಗೆ ಹಳೇ ಸಿಳ್ಳೆ ವಾಪಸ್.
ನೀವು ಬೈತೀರಿ ಅಂತ ಹೆಂಡತಿ ಸಾಕಮ್ಮನ್ನ ಮುಂದೆ ಬಿಟ್ಟೆ.
ನೀವು ಬೈಲಿಲ್ಲ. ಅವಳೇ ಬೈದಳು,
ನಿಮ್ಮ ಕುರ್ಚಿ ಪಕ್ಕ ನಿಂತುಕೊಂಡು.

ವರ್ಷ ತುಂಬಿದ ಮೇಲೆ ಮತ್ತೆ ಊದಿಸಿದ್ರಿ: ಎಪ್ಪತ್ತೊಂಬತ್ತು.
ಅದಕ್ಕೆ ಮುಂದೆ ಎಷ್ಟು ಊದಿದರೂ ಮುಳ್ಳು ಮೊಂಡು ಬಿತ್ತು.
ಮಿಕ್ಕಿದ್ದು ಎಲ್ಲಿ, ಅಂದೆ.
ಆಗಲೇ ನೀವು ಚೀಟಿ ತಿರುವಿ ಈ ಚಿತ್ರ ಬರೆದದ್ದು.

ಅತ್ತಿಮರದ ತಿರುವಲ್ಲಿ ನಾಲೆ ಗೋಡೆ ಒಡೀತಲೇ ಇತ್ತು.
ಒಡೆದದ್ದರ ಮೇಲೆ ಗಾರೆ, ಗಾರೆ ಮೇಲೆ ಕಾಂಕ್ರೀಟು,
ಅದೂ ಬಿರುಕು ಬಿಟ್ಟಾಗ ಇನ್ನೊಂದು ಪದರ.
ರಿಪೇರಿಯೇ ದಪ್ಪವಾಗಿ ನಾಲೆ ಒಂದು ಮೊಳ ಸಣ್ಣಗಾಯ್ತು.
ಬೇಸಿಗೇಲಿ ಎಷ್ಟು ಹೂಳೆತ್ತಿದರೂ
ಆ ಮೊಳ ಪೂರ್ತಿ ವಾಪಸ್ ಬರಲಿಲ್ಲ.
ಇಪ್ಪತ್ತು ವರ್ಷದ ಹಿಂದೆಯೇ ಬಂದಿದ್ರೆ?
ನಾನು ಕೇಳಲಿಲ್ಲ. ನೀವು ಪೆನ್ನಿನ ಮುಚ್ಚಳ ಹಾಕಿದ್ರಿ.
"ಇನ್ನು ದಪ್ಪ ಆಗದ ಹಂಗೆ ನೋಡ್ಕೊಳ್ಳೋಣ" ಅಂದ್ರಿ.

ಎಪ್ಪತ್ತೊಂಬತ್ತು ಸಾಕು, ಡಾಕ್ಟ್ರಮ್ಮ.
ಕಡೇ ಗದ್ದೆಗೂ ನೀರು ಹತ್ತುತದೆ,
ಸ್ವಲ್ಪ ತಡವಾಗಿ.

ಈಗ ಬೆಳಗಿನ ಜಾವ ತೂಬಿನ ಕಟ್ಟೆ ಮೇಲೆ ಕೂತು
ಎರಡು ಸಲ ಎಳ್ಕೊಂಡು ಹತ್ತು ಎಣಿಸ್ತೀನಿ.
ಆಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲಾಂದ್ರೆ
ನಾಲಿಗೆ ಮೇಲೆ ಬೆಳ್ಳಗೆ ಬೂಷ್ಟು ಕಟ್ಟುತದೆ ಅಂದಿದ್ರಲ್ಲ.
ನಾಲೆಗೆ ಉಗೀಬಾರದು, ಅಪ್ಪ ಹೇಳಿದ್ದು.
ಏರಿ ಆಚೆ ಬದಿಗೆ ಉಗೀತೀನಿ.
ಅಲ್ಲೊಂದು ಅಂಗೈ ಅಗಲ ಗರಿಕೆ
ಬೇಸಿಗೇಲೂ ಹಸಿರಾಗಿ ನಿಂತದೆ.